ಅಕ್ಕ ಕೂತ ಜಾಗ

ಮಾರ್ಚ್ ೧೯, ಮಂಗಳವಾರ

ಡಾಕ್ಟರು ಹೇಳಿದರೆಂದು ಬರೆಯುತ್ತಿದ್ದೇನೆ. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನಂತೆ. ದವಡೆ ಹಲ್ಲು ಸವೆದಿರುವುದನ್ನು ಕನ್ನಡಿಯಲ್ಲಿ ತೋರಿಸಿ, ಊರಿಗೆಲ್ಲ ಹಲ್ಲು ಕಟ್ಟಿಕೊಡುವವರು ನಿಮ್ಮದನ್ನು ನೀವೇ ತಿಂದುಕೊಳ್ಳುತ್ತಿದ್ದೀರಲ್ಲ ಎಂದು ನಕ್ಕರು. ಮನಸ್ಸಿನಲ್ಲಿರುವುದನ್ನು ಒಂದು ಕಡೆ ಬರೆದರೆ ದವಡೆ ಸಡಿಲವಾಗುತ್ತದಂತೆ. ಅವರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಸೆಟ್ಟು ಹಲ್ಲು ಮಾಡುವುದು ನನ್ನ ಕೆಲಸ. ಬಾಯಿ ಅವರ ಪಾಲು, ಹಲ್ಲು ನನ್ನ ಪಾಲು.

ಬರೆಯುವಂಥದ್ದು ನನ್ನ ಮನಸ್ಸಿನಲ್ಲಿ ಏನೂ ಇಲ್ಲ. ಮಗಳು ಬೆಳಿಗ್ಗೆ ನನ್ನ ತಂಗಿಯ ಜೊತೆ ದೋಣಿಯಲ್ಲಿ ಹೋಗಿದ್ದಾಳೆ, ಅಷ್ಟೇ. ತಂಗಿ ಎಷ್ಟೋ ವರ್ಷ ಎಲ್ಲೆಲ್ಲೋ ಕೆಲಸ ಮಾಡಿಕೊಂಡಿದ್ದು ಈ ಬೇಸಿಗೆಗೆ ಈ ಕಡೆ ಬಂದಿದ್ದಾಳೆ. ಬಂದವಳು ಊರಲ್ಲಿದ್ದಾಳೆಯೇ? ಇಲ್ಲ. ಸಮುದ್ರದ ನಡುವೆ ಒಂದು ಮರಳ ದ್ವೀಪವಿದೆ. ಮರವಿಲ್ಲ, ಮನೆಯಿಲ್ಲ, ಕುಡಿಯುವ ನೀರಿಲ್ಲ. ಅಲ್ಲಿ ಹಕ್ಕಿಗಳು ಮೊಟ್ಟೆಯಿಡುತ್ತವೆ, ಇವಳು ಡೇರೆ ಹಾಕಿಕೊಂಡು ಕಾಯುತ್ತಾಳೆ. ಅದಕ್ಕೆ ಸಂಬಳವೂ ಇದೆಯಂತೆ. ವಾರಕ್ಕೊಮ್ಮೆ, ಮಂಗಳವಾರ, ನೀರಿನ ಕ್ಯಾನು ಹೊತ್ತು ದೋಣಿ ಹೋಗುತ್ತದೆ.

ಪರೀಕ್ಷೆ ಮುಗಿದಿದೆ, ಒಂದು ದಿನ ಹೋಗಿ ಬರಲಿ ಎಂದು ನಾನೇ ಹೇಳಿದೆ. ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ; ದೋಣಿ ಎಂದರೆ ನನಗೆ ಹೊಟ್ಟೆ ತೊಳೆಸುತ್ತದೆ. ಆದರೂ ಕರೆಯುವುದು ಒಂದು ಮರ್ಯಾದೆ.

ಮಾರ್ಚ್ ೨೦, ಬುಧವಾರ

ಪಾರ್ಟ್ನರ್ ಅಂತೆ! ತಂಗಿ ನನ್ನ ಮಗಳನ್ನು ಹಾಗೆ ಕರೆಯುತ್ತಾಳಂತೆ. ಹೆತ್ತು ಹೊತ್ತು ಹದಿನೇಳು ವರ್ಷ ಸಾಕಿದ ನಾನು ಬರೀ ಅಮ್ಮ. ನಿನ್ನೆ ಒಂದು ಹಗಲು ಜೊತೆಗಿದ್ದವಳಿಗೆ ಇವಳು ಪಾರ್ಟ್ನರ್.

ಮುಖವೆಲ್ಲ ಸುಟ್ಟುಕೊಂಡು ಬಂದಿದ್ದಾಳೆ. ಬಾಯಿ ಬಿಟ್ಟರೆ ಚಿಕ್ಕಮ್ಮ ಹೀಗಂದರು, ಚಿಕ್ಕಮ್ಮ ಹಾಗಂದರು. ಆ ಹಕ್ಕಿಗಳು ಗೂಡನ್ನೇ ಕಟ್ಟುವುದಿಲ್ಲವಂತೆ, ಬರೀ ಮರಳಿನಲ್ಲಿ ಒಂದು ಕುಳಿ ಮಾಡಿ ಮೊಟ್ಟೆಯಿಡುತ್ತವಂತೆ. ಮೊಟ್ಟೆಯೂ ಮರಳಿನ ಬಣ್ಣವೇ, ಕಾಲಡಿ ಸಿಕ್ಕರೂ ಗೊತ್ತಾಗುವುದಿಲ್ಲ. ಅದಕ್ಕೇ ಚಿಕ್ಕಮ್ಮ ನಡೆದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹೋಗಬೇಕು, ಬರುವಾಗಲೂ ಅದೇ ಹೆಜ್ಜೆ. ಅಡುಗೆಮನೆಯಿಂದ ಪಡಸಾಲೆಯವರೆಗೆ ನಡೆದೂ ತೋರಿಸಿದಳು. ಇದೇ ಹುಡುಗಿಗೆ ಒದ್ದೆ ನೆಲದ ಮೇಲೆ ನಡೀಬೇಡ ಎಂದು ನಾನು ಹೇಳಿದ್ದು ಒಂದು ದಿನವೂ ಕಿವಿಗೆ ಬಿದ್ದದ್ದಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಇವರು ಪೇಪರಿನ ಹಿಂದಿನಿಂದ ಚೆನ್ನಾಗಿದೆಯಲ್ಲ ಎಂದರು. ಹಕ್ಕಿ ಚೆನ್ನಾಗಿದೆಯೋ, ಮಗಳು ನಡೆದದ್ದೋ, ಪೇಪರಿನ ಸುದ್ದಿಯೋ ದೇವರೇ ಬಲ್ಲ. ಬೀಗದ ಕೈ ಮಾಡುವ ಅಂಗಡಿ ಇಟ್ಟುಕೊಂಡಿರುವ ಮನುಷ್ಯನ ಬಾಯಿಗೇ ಬೀಗ.

ಮಾರ್ಚ್ ೨೭, ಬುಧವಾರ

ನಿನ್ನೆ ದೋಣಿಯಲ್ಲಿ ತಂಗಿ ಬಂದಿದ್ದಳು, ನಮ್ಮಲ್ಲೇ ಊಟಕ್ಕೆ. ಮಗಳು ಯಾವಾಗಲೂ ನನ್ನ ಪಕ್ಕ ಕೂರುವವಳು ಎದುರು ಬದಿಗೆ ಹೋಗಿ ಕೂತಳು. ಇಬ್ಬರೂ ತಟ್ಟೆಯ ಪಕ್ಕ ಬೆರಳಿನಲ್ಲಿ ದ್ವೀಪದ ಆಕಾರ ಬರೆದುಕೊಂಡು ಮಾತಾಡಿದ್ದೇ ಮಾತಾಡಿದ್ದು. ಅಲ್ಲಿಯ ಒಂದೊಂದು ಮೂಲೆಗೂ ಹೆಸರಿಟ್ಟಿದ್ದಾರೆ: ಬಾಟಲಿ ತಿರುವು, ಸತ್ತ ಮೀನಿನ ಮೂತಿ, ಅಳುಬುರುಕಿಯರ ಕೇರಿ. ಪ್ರತಿ ವರ್ಷ ಮಳೆಗೆ ಅರ್ಧ ದ್ವೀಪ ಕೊಚ್ಚಿ ಹೋಗುತ್ತದೆ, ಮತ್ತೆ ಬೇರೆ ಕಡೆ ಎದ್ದುಕೊಳ್ಳುತ್ತದೆ. ನೀರ ಪಾಲಾಗುವ ಮರಳಿಗೆ ಯಾಕೆ ಹೆಸರು ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ಕಂಡು ನನ್ನ ಮೈಯೆಲ್ಲ ಉರಿಯಿತು.

ತಂಗಿ ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಅಮ್ಮ ತೀರಿಕೊಂಡಾಗ ಅವಳಿನ್ನೂ ಸರಿಯಾಗಿ ಮಾತು ಕಲಿತಿರಲಿಲ್ಲ, ಸಾಕಿದ್ದು ನಾನು. ಅದು ಯಾರಿಗೂ ನೆನಪಿರುವಂತಿಲ್ಲ.

ಹೋಗಲಿ. ತಂಗಿಗೆ ಏನೆಲ್ಲ ಕೊಟ್ಟರೂ ನನ್ನ ಮಗಳು ನನಗೆ ಮಾತ್ರ ಕೊಡುವುದೊಂದಿದೆ. ಹತ್ತು ವರ್ಷದವಳಿದ್ದಾಗ ಮೆಟ್ಟಿಲಿಂದ ಬಿದ್ದು ಮುಂದಿನ ಹಲ್ಲು ಕಳೆದುಕೊಂಡಳು. ಅಂದಿನಿಂದ ನಾನೇ ತೆಗೆದು ಹಾಕಿಕೊಳ್ಳುವ ಒಂದು ಹಲ್ಲಿನ ಪ್ಲೇಟು ಮಾಡಿಕೊಡುತ್ತಿದ್ದೇನೆ. ಬಾಯಿ ಬೆಳೆದ ಹಾಗೆಲ್ಲ ಹೊಸದು ಮಾಡಿದ್ದೇನೆ. ಪಕ್ಕದ ಹಲ್ಲಿನ ಒಂದು ಸಣ್ಣ ಬಿಳಿ ಮಚ್ಚೆಯನ್ನೂ ಬಿಡದೆ ಮೂಡಿಸಿದ್ದೇನೆ. ಡಾಕ್ಟರೇ ಒಮ್ಮೆ ಯಾವುದು ಕಟ್ಟಿದ್ದು ಎಂದು ಕೇಳಬೇಕಾಯಿತು. ಅದನ್ನು ತೆಗೆದ ಬಾಯಿಯನ್ನು ಅವಳು ಯಾರಿಗೂ ತೋರಿಸುವುದಿಲ್ಲ, ಅಪ್ಪನಿಗೂ ಇಲ್ಲ. ರಾತ್ರಿ ತೊಳೆಯಲು ನನ್ನ ಕೈಗೆ ಕೊಡುವಾಗಲೂ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊರಗಿನವರ ಮುಂದೆ ಜೋರಾಗಿ ನಗುವುದೂ ಇಲ್ಲ.

ಮಾರ್ಚ್ ೩೦, ಶನಿವಾರ

ಒಂದು ವಾರ ದ್ವೀಪದಲ್ಲಿ ಇದ್ದು ಬರುತ್ತಾಳಂತೆ. ಮೊದಲು ಅಪ್ಪನನ್ನು ಕೇಳಿದ್ದಾಳೆ, ಆಮೇಲೆ ನನ್ನ ಹತ್ತಿರ ಬಂದಿದ್ದಾಳೆ. ಕೋಲೂ ಮುರಿಯಬಾರದು, ಹಾವೂ ಸಾಯಬೇಕು. ಇದೆಲ್ಲ ಚಿಕ್ಕಮ್ಮ ಹೇಳಿಕೊಟ್ಟ ಬುದ್ಧಿ. ಅಲ್ಲಿ ಸ್ನಾನ ಎಲ್ಲಿ, ಮಲಗುವುದೆಲ್ಲಿ, ಗಾಳಿಗೆ ಡೇರೆ ಹಾರಿದರೆ ಏನು ಗತಿ ಎಂದೆಲ್ಲ ಕೇಳಿದೆ. ಎಲ್ಲಕ್ಕೂ ಉತ್ತರ ತಯಾರಿತ್ತು. ಕೊನೆಗೆ ಇವರನ್ನು ನೋಡಿದೆ.

"ಹೋಗಿ ಬರಲಿ ಬಿಡು. ನಾನಿದ್ದೀನಲ್ಲ ಮನೇಲಿ" ಎಂದರು.

ಇವರಿರುವುದಕ್ಕೂ ಅವಳು ಹೋಗುವುದಕ್ಕೂ ಏನು ಸಂಬಂಧವೋ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ.

ಏಪ್ರಿಲ್ ೪, ಗುರುವಾರ

ಮನೆಯಲ್ಲಿ ಸದ್ದೇ ಇಲ್ಲ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತದೆ ಎಂದು ಇವತ್ತು ಗೊತ್ತಾಯಿತು.

ಏಪ್ರಿಲ್ ೯, ಮಂಗಳವಾರ

ಸಂಜೆ ದೋಣಿಕಟ್ಟೆಗೆ ಹೋಗಿ ನಿಂತಿದ್ದೆ. ಖಾಲಿ ಕ್ಯಾನುಗಳು ಇಳಿದವು, ಮಗಳು ಇಳಿಯಲಿಲ್ಲ. ದೋಣಿಯವರ ಹೆಸರು ಗಡ್ಡಣ್ಣ. ಗಡ್ಡ ಬೋಳಿಸಿ ಎಷ್ಟೋ ಕಾಲವಾಗಿದೆ, ಹೆಸರು ಮಾತ್ರ ಉಳಿದುಕೊಂಡಿದೆ. ಇನ್ನೊಂದು ವಾರ ಇರುತ್ತಾಳಂತೆ ಅಕ್ಕಾವ್ರೇ, ಹೇಳು ಅಂದಳು ಎಂದರು. ಸಾಕ್ಸು ಕಳಿಸಬೇಕಂತೆ. ಅಮ್ಮ ಬೇಡ, ಸಾಕ್ಸು ಬೇಕು.

ಚೆನ್ನಾಗಿದ್ದಾಳಾ ಎಂದು ಕೇಳಿದೆ. ಬಹಳ ಚೆನ್ನಾಗಿದ್ದಾಳೆ, ಹಾಗೆ ನಗೋ ಹುಡುಗೀನ ನಾನು ನೋಡೇ ಇಲ್ಲ ಎಂದರು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಇವತ್ತು ಕೆಲಸದಲ್ಲೂ ಎಡವಟ್ಟು. ನಿವೃತ್ತ ಮೇಷ್ಟ್ರೊಬ್ಬರಿಗೆ ಮೇಲಿನ ಸೆಟ್ಟು ಜೋಡಿಸಿದ್ದೆ, ಮೇಣದಲ್ಲೇ ಕೂರಿಸಿ ತೋರಿಸಿದೆವು. ಅವರು ಕನ್ನಡಿ ನೋಡಿ, ಬಾಯಿ ಮುಚ್ಚಿ, ಮತ್ತೆ ತೆರೆದು, ಇದು ಯಾರದೋ ಹೆಂಗಸಿನ ನಗು ಕಣಮ್ಮ, ನನ್ನದಲ್ಲ ಎಂದರು. ನೋಡಿದರೆ ನಿಜ. ಅಂಚು ದುಂಡಗಿನ ಸಣ್ಣ ಹಲ್ಲುಗಳು, ಎಡಗಡೆಯದು ತುಸು ತಿರುಗಿದೆ. ಎಲ್ಲೋ ನೋಡಿದ ನಗು. ತಂಗಿಯದು. ಡಾಕ್ಟರು ನನ್ನ ಕಡೆ ನೋಡಿದರು. ಎಲ್ಲ ಕಿತ್ತು ಮತ್ತೆ ಜೋಡಿಸುತ್ತಿದ್ದೇನೆ.

ಏಪ್ರಿಲ್ ೧೫, ಸೋಮವಾರ

ನಾಳೆ ನಾನೇ ಹೋಗುತ್ತೇನೆ. ಸಾಕ್ಸು ಕೊಡಲು. ಇವರು ನನ್ನನ್ನೇ ನೋಡುತ್ತ, ವಾಂತಿ ಆಗಲ್ವಾ ಎಂದರು. ಆದರೆ ಆಗಲಿ.

ಏಪ್ರಿಲ್ ೧೬, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆಗೆ ನನ್ನ ಬಾಯಲ್ಲಿ ಹಲ್ಲೇ ಉಳಿಯುವುದಿಲ್ಲ.

ದೋಣಿಯಲ್ಲಿ ಕ್ಯಾನುಗಳ ನಡುವೆ ಕೊಡೆ ಹಿಡಿದು ಕೂತೆ. ದಡ ಮರೆಯಾಗುವ ಮೊದಲೇ ಒಂದು ಸಲ ವಾಂತಿಯಾಯಿತು, ಆಮೇಲೆ ಲೆಕ್ಕ ಇಡಲಿಲ್ಲ. ಗಡ್ಡಣ್ಣ ಬೇರೆ ಕಡೆ ನೋಡುತ್ತ ದೋಣಿ ನಡೆಸಿದರು, ಒಳ್ಳೆಯ ಮನುಷ್ಯ. ಬಹಳ ಹೊತ್ತಿನ ಮೇಲೆ ನೀರಿನ ಮೇಲೆ ಒಂದು ಬಿಳಿ ಗೀರು ಕಂಡಿತು. ಹತ್ತಿರ ಹೋದಂತೆ ಅದರ ಮೇಲೆ ಹಕ್ಕಿಗಳು ಎದ್ದು ಕೂರುವುದು ಕಂಡಿತು. ಅಷ್ಟೇ ದ್ವೀಪ. ಇದಕ್ಕಾ ಇಷ್ಟೆಲ್ಲ ಎನಿಸಿತು. ಕಟ್ಟೆಯಿಲ್ಲ, ಮೊಣಕಾಲು ನೀರಿಗೆ ಇಳಿದು ನಡೆಯಬೇಕು. ನಾನು ಸೀರೆ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಇಳಿಯುವಾಗ ನೀರಿನಂಚಿನಲ್ಲಿ ಇಬ್ಬರೂ ನಿಂತಿದ್ದರು. ನನ್ನ ಅವಸ್ಥೆ ನೋಡಿ ತಂಗಿ ಏನೋ ಅಂದಳು. ಮಗಳು ತಲೆ ಹಿಂದಕ್ಕೆ ಹಾಕಿ ಗಟ್ಟಿಯಾಗಿ ನಕ್ಕಳು.

ಮುಂದಿನ ಹಲ್ಲು ಇರಲಿಲ್ಲ.

ಆ ಕಪ್ಪು ಸಂದು ಬಿಸಿಲಿನಲ್ಲಿ ಎದ್ದು ಕಾಣುತ್ತಿತ್ತು. ಅವಳಿಗೆ ಅದರ ಪರಿವೆಯೇ ಇಲ್ಲ. ಏಳು ವರ್ಷ ಬಾಗಿಲು ಹಾಕಿಕೊಂಡು ನನಗೊಬ್ಬಳಿಗೆ ತೋರಿಸಿದ ಬಾಯನ್ನು ಅವಳು ತಂಗಿಯ ಮುಂದೆ, ದೋಣಿಯವರ ಮುಂದೆ, ಇಡೀ ಸಮುದ್ರದ ಮುಂದೆ ತೆರೆದುಕೊಂಡು ನಿಂತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಬರೆದೇಬಿಡುತ್ತೇನೆ: ಹೊಟ್ಟೆಕಿಚ್ಚು. ಬೇರೆ ಹೆಸರು ಅದಕ್ಕಿಲ್ಲ. ಯಾರದೋ ಮೇಲಲ್ಲ, ನಾನು ಎತ್ತಿ ಆಡಿಸಿದ ತಂಗಿಯ ಮೇಲೆ.

ಆಮೇಲೆ ತಂಗಿ ಹೇಳಿದ್ದು ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಎಲ್ಲಿ ಕಾಲಿಡಬೇಕು, ಎಲ್ಲಿ ಕೂಡದು, ಮಧ್ಯಾಹ್ನ ಎಲ್ಲಿ ನಿಲ್ಲಬಾರದು ಎಂದು ಏನೇನೋ ಹೇಳುತ್ತಿದ್ದಳು. ನಾನು ಮಗಳ ಬಾಯನ್ನೇ ನೋಡುತ್ತಿದ್ದೆ. ಮೂವರೂ ಸಾಲಾಗಿ ಡೇರೆಯ ಕಡೆ ಹೊರಟೆವು. ತಂಗಿ ಮುಂದೆ, ಅವಳ ಹೆಜ್ಜೆಯ ಮೇಲೆ ಮಗಳು, ಮಗಳ ಹೆಜ್ಜೆಯ ಮೇಲೆ ನಾನು. ಕಾಲಿಡುವ ಕಡೆಯೆಲ್ಲ ಅವರಿಬ್ಬರೂ ಮೊದಲೇ ಇಟ್ಟಾಗಿತ್ತು. ಡೇರೆಯಲ್ಲಿ ಎರಡು ಹಾಸಿಗೆ, ಎರಡು ಲೋಟ, ಎರಡು ಟೋಪಿ. ನನಗೆ ಟೀ ಕೊಡಲು ಒಂದು ಲೋಟ ತೊಳೆಯಬೇಕಾಯಿತು.

ಟೀ ಕುಡಿದವಳೇ ಸ್ವಲ್ಪ ಅಡ್ಡಾಡಿ ಬರುತ್ತೇನೆ ಎಂದು ಎದ್ದೆ. ಅವರಿಬ್ಬರೂ ಕ್ಯಾನು ಹೊರುತ್ತಿದ್ದರು, ಗಮನಿಸಲಿಲ್ಲ. ಮೊಟ್ಟೆ ತುಳಿಯುವಷ್ಟು ದಡ್ಡಿ ನಾನಲ್ಲ. ಒದ್ದೆ ಮರಳಿನಲ್ಲೇ ನೀರಿನಂಚು ಹಿಡಿದು ಆ ತುದಿಗೆ ಹೋದೆ. ಅಲ್ಲಿ ಮರಳು ಸ್ವಲ್ಪ ದಿಬ್ಬದ ಹಾಗೆ ಎದ್ದಿತ್ತು. ಒಂದೊಂದೇ ಹೆಜ್ಜೆ ನೋಡಿಕೊಂಡು ಹತ್ತಿ, ಕೂರುವ ಜಾಗವನ್ನು ಕೈಯಿಂದ ಸವರಿ ನೋಡಿ, ಕೊಡೆ ಬಿಚ್ಚಿ ಡೇರೆಗೆ ಬೆನ್ನು ಹಾಕಿ ಕೂತೆ. ಬಂದು ಕರೆಯಲಿ, ಆಗ ಎದ್ದರಾಯಿತು ಎಂದುಕೊಂಡೆ. ಎರಡು ಹಕ್ಕಿಗಳು ನನ್ನ ತಲೆಯ ಮೇಲೆ ಸುತ್ತುತ್ತ ಕಿರುಚುತ್ತಿದ್ದವು. ಬಿಳಿ ಹಕ್ಕಿ, ತಲೆಗೆ ಕರಿ ಟೋಪಿ. ಒಂದಂತೂ ಕೊಡೆಗೇ ಬಂದು ಬಡಿಯಿತು. ಮನುಷ್ಯರ ಜೊತೆ ಇವೂ ಸೇರಿಕೊಂಡವಲ್ಲ ಎಂದು ಬೈದೆ. ನೆತ್ತಿಯ ಮೇಲಿದ್ದ ಬಿಸಿಲು ಇಳಿಯುವವರೆಗೂ ಕೂತೇ ಇದ್ದೆ. ಅತ್ತಿರಲೂಬಹುದು.

ಹಿಂದಿನಿಂದ ತಂಗಿ ಮೆಲ್ಲಗೆ, "ಅಕ್ಕಾ, ಏಳು. ನೀನು ಕೂತಿದ್ದರೆ ಅವಕ್ಕೆ ಬರೋಕಾಗಲ್ಲ" ಎಂದಳು.

ಅವಳು ತೋರಿಸಿದ ಮೇಲೆ ಕಂಡಿತು. ನನ್ನಿಂದ ಎರಡು ಮಾರು ದೂರದಲ್ಲಿ ಒಂದು ಕುಳಿ, ಅದರಲ್ಲಿ ಎರಡು ಮೊಟ್ಟೆ. ಇನ್ನೂ ಸ್ವಲ್ಪ ಆಚೆ ಒಂದು. ಆ ಮರಳಿನಲ್ಲಿ ಮಧ್ಯಾಹ್ನ ತಾಯಿ ಹಕ್ಕಿ ಮೊಟ್ಟೆಗೆ ಕಾವು ಕೊಡಲು ಕೂರುವುದಲ್ಲವಂತೆ, ನೆರಳು ಕೊಡಲು ಕೂರುತ್ತದಂತೆ. ಅದು ಎದ್ದರೆ ಮೊಟ್ಟೆ ಒಳಗೇ ಬೆಂದುಹೋಗುತ್ತದೆ. ನಾನು ಒಂದನ್ನೂ ತುಳಿದಿರಲಿಲ್ಲ. ಸುಮ್ಮನೆ ಕೂತಿದ್ದೆ, ಅಷ್ಟೇ.

ಬಂದ ಹೆಜ್ಜೆಯ ಮೇಲೇ ನನ್ನನ್ನು ಕೈಹಿಡಿದು ಇಳಿಸಿದಳು. ನಾವು ನೀರಿನಂಚಿಗೆ ಬರುವುದೇ ತಡ, ಹಕ್ಕಿಗಳು ಇಳಿದು ಕೂತವು. ಮಗಳು ಅಲ್ಲಿ ನಿಂತಿದ್ದಳು, ಮುಖ ಕೆಂಪಗಾಗಿತ್ತು. "ಅಮ್ಮಾ, ಚಿಕ್ಕಮ್ಮ ಅಷ್ಟು ಹೇಳಿದ್ರಲ್ಲ ನಿಂಗೆ" ಎಂದಳು.

"ನಾನೆಲ್ಲಿ ಹೇಳಿದೆ? ಮರೆತೇಬಿಟ್ಟೆ. ತಪ್ಪು ನಂದು" ಎಂದಳು ತಂಗಿ.

ಸುಳ್ಳು. ನನ್ನನ್ನು ಉಳಿಸಲು ಹೇಳಿದ ಸುಳ್ಳು. ನನ್ನ ಮಗಳ ಎದುರು ನನಗೆ ಇವಳ ಉಪಕಾರ ಬೇರೆ. ಸಾಕ್ಸನ್ನು ಮಗಳ ಕೈಗಿಟ್ಟು ದೋಣಿ ಹತ್ತಿದೆ. ಮಗಳು ಜೊತೆಗೆ ಬರುತ್ತೇನೆ ಅನ್ನಲಿಲ್ಲ, ನಾನೂ ಬಾ ಅನ್ನಲಿಲ್ಲ. ವಾಪಸು ಬರುವಾಗ ವಾಂತಿ ಮಾಡಲು ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಏಪ್ರಿಲ್ ೧೭, ಬುಧವಾರ

ಮೂರು ಮೊಟ್ಟೆ.

ಏಪ್ರಿಲ್ ೨೪, ಬುಧವಾರ

ಮಗಳು ನಿನ್ನೆ ಬಂದಳು. ಹಲ್ಲು ಬಾಯಲ್ಲೇ ಇತ್ತು. ಮನೆಗೆ ಬಂದರೆ ಹಲ್ಲು, ಅಲ್ಲಿ ಹೋದರೆ ಇಲ್ಲ.

ಎರಡು ದಿನ ಕೇಳಬಾರದು ಎಂದುಕೊಂಡಿದ್ದೆ, ಒಂದು ದಿನವೂ ತಡೆಯಲಾಗಲಿಲ್ಲ. ಪ್ಲೇಟು ಸರಿಯಾಗಿ ಕೂರುತ್ತಿಲ್ಲವಾ ಎಂದು ಕೆಲಸದ ಮಾತಿನ ಹಾಗೆ ಕೇಳಿದೆ. ಹಾಗೇನಿಲ್ಲ, ಅಲ್ಲಿ ಗಾಳಿಗೆ ಮರಳು ಹಾರಿ ಪ್ಲೇಟಿನ ಒಳಗೆ ಸಿಕ್ಕಿಕೊಳ್ಳುತ್ತದೆ, ಒಸಡು ಕುಯ್ಯುತ್ತದೆ, ಅದಕ್ಕೆ ತೆಗೆದಿಟ್ಟಿದ್ದೆ ಎಂದಳು. ಬಾಯಿ ತೆಗೆಸಿ ನೋಡಿದೆ, ಒಸಡಿನಲ್ಲಿ ಕೆಂಪು ಗೆರೆ ಇದ್ದದ್ದು ನಿಜ. ಅಷ್ಟೇನಾ! ಬರೀ ಮರಳು! ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಹಲ್ಲಿಲ್ಲದೆ ನಾಚಿಕೆ ಆಗಲಿಲ್ಲವಾ ಎಂದೆ.

"ಅಲ್ಲಿ ಯಾರಿದ್ದಾರಮ್ಮ ನಾಚಿಕೆಗೆ? ಯಾರೂ ಇಲ್ಲ" ಎಂದಳು.

ಯಾರೂ ಇಲ್ಲವಂತೆ. ಚಿಕ್ಕಮ್ಮನೂ ಲೆಕ್ಕಕ್ಕಿಲ್ಲ. ಕೇಳಿ ಒಂದು ಗಳಿಗೆ ಒಳಗೊಳಗೇ ಕುಣಿದೆ. ಪಾತ್ರೆ ತೊಳೆಯುವಾಗ ಹೊಳೆಯಿತು. ಯಾರ ಮುಂದೆ ಯಾರೂ ಇಲ್ಲದ ಹಾಗೆ ಇರಬಹುದೋ, ಅಂಥವರು ಇವಳಿಗೆ ಇಲ್ಲಿಯವರೆಗೆ ಒಬ್ಬರೇ ಇದ್ದರು. ಈಗ ಇಬ್ಬರಾದರು.

ಏಪ್ರಿಲ್ ೩೦, ಮಂಗಳವಾರ

ದೋಣಿಕಟ್ಟೆಯ ಕಡೆ ಸುಮ್ಮನೆ ಹೋಗಿದ್ದೆ. ಗಡ್ಡಣ್ಣ ಸಿಕ್ಕರು. ಅದೂ ಇದೂ ಮಾತಾಡಿ, ಆ ಕಡೆ ಹಕ್ಕಿಗಳೆಲ್ಲ ಹೇಗಿವೆ ಎಂದು ಕೇಳಿದೆ. ಯಾವ ಕಡೆಯವು ಎಂದರು. ಯಾವುದಾದರೂ ಸರಿ ಎಂದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡಿರಬೇಕು, ಅವರು ನಕ್ಕರು.

"ಅಕ್ಕ ಕೂತ ಜಾಗದ್ದಾ? ಎರಡು ಮರಿ ಆಗಿವೆ. ಒಂದು ಮೊಟ್ಟೆ ಆಗಲಿಲ್ಲ" ಎಂದರು.

ಆ ದಿಬ್ಬಕ್ಕೆ ಈಗ ಅದೇ ಹೆಸರಂತೆ: ಅಕ್ಕ ಕೂತ ಜಾಗ. ನನ್ನ ಮೂರ್ಖತನಕ್ಕೆ ತಂಗಿ ಬೋರ್ಡು ಹಾಕಿದ್ದಾಳೆ. ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಹಾಗೆ ನೋಡಿದರೆ ಮಗಳ ಹೆಸರಿನಲ್ಲಿ ಅಲ್ಲಿ ಒಂದು ಮೂಲೆಯೂ ಇಲ್ಲ.

ಆಗದೇ ಹೋದ ಒಂದು, ಎರಡಿದ್ದ ಕುಳಿಯದೋ, ಒಂಟಿಯದೋ? ಕೇಳಬೇಕಿತ್ತು.

ಮೇ ೮, ಬುಧವಾರ

ತಂಗಿಗೆ ದವಡೆ ಹಲ್ಲು ಒಡೆದಿದೆ. ಒಣ ಬಿಸ್ಕತ್ತಿನಲ್ಲಿ ಕಲ್ಲೋ ಚಿಪ್ಪೋ ಸಿಕ್ಕಿತಂತೆ. ನಿನ್ನೆಯ ದೋಣಿಗೆ ಬಂದಳು. ಒಂದು ವಾರ ಇಲ್ಲೇ, ಕಾವಲಿಗೆ ಬೇರೆ ಯಾರನ್ನೋ ಬಿಟ್ಟು ಬಂದಿದ್ದಾಳೆ. ಡಾಕ್ಟರು ನೋಡಿ, ಹಲ್ಲು ಉಳಿಯುತ್ತದೆ, ಮೇಲೊಂದು ಕ್ಯಾಪು ಹಾಕಿದರಾಯಿತು ಎಂದು ಒಡೆದ ಹಲ್ಲನ್ನು ಅರೆದು ತಿದ್ದಿ, ಅಚ್ಚು ನೀವೇ ತೆಗೆದುಬಿಡಿ, ನಿಮ್ಮ ತಂಗಿಯೇ ಅಲ್ಲವೇ ಎಂದು ಪಕ್ಕದ ಕೋಣೆಯ ಪೇಷಂಟಿನ ಕಡೆ ಹೋದರು.

ಅಚ್ಚು ತೆಗೆಯುವುದೆಂದರೆ ಪುಡಿಯನ್ನು ನೀರಿನಲ್ಲಿ ಹಿಟ್ಟಿನ ಹಾಗೆ ಕಲಸಿ, ಹಲ್ಲಿನ ಸಾಲಿನ ಆಕಾರದ ಪುಟ್ಟ ತಟ್ಟೆಗೆ ತುಂಬಿ, ಬಾಯಿಯೊಳಗಿಟ್ಟು ಒತ್ತಿ ಹಿಡಿಯಬೇಕು. ಅದು ಗಟ್ಟಿಯಾಗುವ ತನಕ ಬಾಯಿ ಆಡಿಸುವ ಹಾಗಿಲ್ಲ, ಅಲ್ಲಾಡಿದರೆ ಎಲ್ಲ ಹಾಳು. ನನ್ನ ಎರಡು ಬೆರಳು ಅವಳ ಬಾಯಲ್ಲಿ, ಇನ್ನೊಂದು ಕೈ ಗದ್ದದ ಕೆಳಗೆ. ಅವಳು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಮಾತಾಡಲಾರಳು, ಎದ್ದು ಹೋಗಲಾರಳು. ಹೇಳಬೇಕು ಎಂದು ನಾನು ಲೆಕ್ಕ ಹಾಕಿರಲಿಲ್ಲ. ಬಂದುಬಿಟ್ಟಿತು.

"ನೋಡು, ನಂಗೆ ಇರೋದು ಅವಳೊಬ್ಬಳು. ನಿಂಗೆ ಇಡೀ ಸಮುದ್ರ ಇದೆ, ಹಕ್ಕಿ ಇದೆ, ಯಾರು ಸಿಕ್ಕರೂ ಪಾರ್ಟ್ನರ್ ಆಗ್ತಾರೆ. ನಂಗೆ ಹೊಟ್ಟೆ ಉರಿಯತ್ತೆ ಕಣೇ. ನೀನು ಅವಳನ್ನ ನಗಿಸಿದ್ದು ನೋಡಿದರೂ ಉರಿಯತ್ತೆ. ಅವಳನ್ನ ನಂಗೆ ಬಿಟ್ಟುಬಿಡು."

ಅವಳ ಕಣ್ಣಲ್ಲಿ ನೀರು ಬಂತು. ಅದೇನೂ ದೊಡ್ಡದಲ್ಲ, ಅಚ್ಚಿನ ಹಿಟ್ಟು ಗಂಟಲ ಹತ್ತಿರ ಹೋದರೆ ಎಲ್ಲರಿಗೂ ಬರುತ್ತದೆ. ಮೂಗಿನಲ್ಲಿ ಉಸಿರಾಡು ಎಂದೆ. ಗಟ್ಟಿಯಾದ ಮೇಲೆ ತಟ್ಟೆ ತೆಗೆದೆ. ಅವಳು ಬಾಯಿ ಮುಕ್ಕಳಿಸಿ, ಉಗುಳಿ, ತುಟಿಗೆ ಅಂಟಿದ್ದನ್ನು ಬೆರಳಿನಿಂದ ತೆಗೆದುಕೊಳ್ಳುತ್ತ ಕೂತಳು. ಸಿಟ್ಟಿನಲ್ಲಿ ಏನಾದರೂ ಅನ್ನುತ್ತಾಳೆ ಎಂದು ಕಾದೆ.

"ಹೊಟ್ಟೆ ಉರಿಯೋದು ನಿಂಗೊಬ್ಬಳಿಗೇ ಅಂದುಕೊಂಡಿದ್ದೀಯಾ?" ಎಂದಳು. "ಅವಳು ಹುಟ್ಟೋವರೆಗೂ ನಾನೇ ನಿನ್ನ ಮಗಳಾಗಿದ್ದೆ ಅಕ್ಕ. ಅವಳು ಬಂದಳು, ನಾನು ತಂಗಿ ಆಗಿಬಿಟ್ಟೆ. ಹಾಸ್ಟೆಲಿಗೆ ಹೋಗ್ತೀನಿ ಅಂದೆನಲ್ಲ, ಬೇಡ ಅಂತೀಯ ಅಂತ ಕಾದೆ. ನೀನು ಟ್ರಂಕು ತಂದುಕೊಟ್ಟೆ."

 ಒಳ್ಳೇ ಟ್ರಂಕು ಅದು ಎಂದೆ.

ಹೂಂ, ಈಗಲೂ ಇದೆ ಎಂದಳು. ಆಮೇಲೆ ಇಬ್ಬರಿಗೂ ನಗು ಬಂತು, ಯಾಕೆ ಎಂದು ಗೊತ್ತಿಲ್ಲ. ಡಾಕ್ಟರು ಇಣುಕಿ ನೋಡಿ ಹೋದರು. ಅಚ್ಚಿಗೆ ಪ್ಲಾಸ್ಟರು ಸುರಿಯುವುದನ್ನು ಮರೆತು ಕೂತುಬಿಟ್ಟಿದ್ದೆ, ಒಣಗಿ ಕುಗ್ಗಿಹೋಯಿತು. ನಾಳೆ ಮತ್ತೆ ತೆಗೆಯಬೇಕು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ತಪ್ಪು ಮಾಡಿಲ್ಲ.

ನಿಜಕ್ಕೂ ಒಳ್ಳೆಯ ಟ್ರಂಕು. ಇಡೀ ಪೇಟೆ ಸುತ್ತಿ ತಂದಿದ್ದೆ. ಅದನ್ನು ಹೊತ್ತು ತರುವಾಗ ಅವಳಿಗೆ ಖುಷಿಯಾಗುತ್ತದೆ ಎಂದೇ ಅಂದುಕೊಂಡಿದ್ದೆ.

ಮೇ ೧೩, ಸೋಮವಾರ

ಕ್ಯಾಪು ಚೆನ್ನಾಗಿ ಕೂತಿದೆ. ನಾಳೆಯ ದೋಣಿಗೆ ತಂಗಿ ಹೊರಡುತ್ತಾಳೆ, ನಾನೂ ಹೋಗುತ್ತಿದ್ದೇನೆ, ಒಂದು ವಾರಕ್ಕೆ. ಮಳೆ ಬರುವ ಮೊದಲು ಒಂದು ಸಲ ಬಾ ಎಂದಳು, ಆಯಿತು ಎಂದೆ. ಡಾಕ್ಟರು ರಜೆ ಕೊಟ್ಟರು. ಮೇಷ್ಟ್ರ ಸೆಟ್ಟು ಮುಗಿಸಿ ಕೊಟ್ಟಿದ್ದೇನೆ, ಈಗ ಅವರ ನಗುವೇ ಬಂದಿದೆ. ಕ್ಯಾನುಗಳ ಪಕ್ಕದಲ್ಲಿ ಕೂರಬೇಡಿ, ಮುಂದಿನ ಹಲಗೆಯ ಮೇಲೆ ಕೂತು ದೂರ ನೋಡಿದರೆ ವಾಂತಿ ಕಡಿಮೆ ಎಂದು ಗಡ್ಡಣ್ಣ ಹೇಳಿಕಳಿಸಿದ್ದಾರೆ.

ಮಗಳಿಗೆ ಕಾಲೇಜಿನ ಬೇಸಿಗೆ ತರಗತಿ ಶುರುವಾಗಿದೆ, ಅವಳು ಬರುವ ಹಾಗಿಲ್ಲ. ಸಂಜೆಯಿಂದ ಯಾಕೋ ಮುಖ ಗಂಟು ಹಾಕಿಕೊಂಡಿದ್ದಾಳೆ. ನಾನು ಬಟ್ಟೆ ಮಡಚುತ್ತಿದ್ದರೆ ಬಾಗಿಲಲ್ಲಿ ಬಂದು ನಿಂತಳು. ನನ್ನ ಹಾಸಿಗೆಯಲ್ಲಿ ಮಲಗ್ತೀಯಾ ಎಂದಳು. ಇದ್ದದ್ದು ಎರಡೇ ತಾನೇ ಎಂದೆ. ಚಿಕ್ಕಮ್ಮ ನನಗೆ ಹೇಳದೆ ನಿನ್ನ ಯಾಕೆ ಕರೆದರು ಎಂದಳು. ನನ್ನ ತಂಗಿ, ನನ್ನನ್ನು ಕರೆಯಲು ನಿನ್ನ ಅಪ್ಪಣೆ ಬೇಕಾ ಎಂದೆ. ಅದಕ್ಕೆ ಸೊಟ್ಟ ಮುಖ.

"ನಾನಿಲ್ಲದೆ ನೀವಿಬ್ಬರೇ ಏನು ಮಾಡ್ತೀರಾ ಅಲ್ಲಿ?" ಎಂದಳು.

ಏನೋ ಮಾಡುತ್ತೇವೆ, ಮನೆಯಲ್ಲಿ ಅಪ್ಪ ಇದ್ದಾರಲ್ಲ ಎಂದೆ. ಬಾಗಿಲು ದಡಾರನೆ ಹಾಕಿಕೊಂಡು ಹೋದಳು. ಇವರು ಪೇಪರು ಕೆಳಗಿಳಿಸಿ ನನ್ನನ್ನು ನೋಡಿ ಮತ್ತೆ ಎತ್ತಿಕೊಂಡರು. ಈಗಿನ ಹುಡುಗಿಯರಿಗೆ ಯಾವುದಕ್ಕೆ ಸಿಟ್ಟು ಬರುತ್ತದೋ ಹೇಳಲಾಗದು.

ಮೇ ೧೬, ಗುರುವಾರ

ಬೆಳಿಗ್ಗೆ ಮೊಟ್ಟೆಯ ಕುಳಿ ಎಣಿಸಿದೆವು. ನಾನು ಮುಂದೆ, ತಂಗಿ ಹಿಂದೆ.

ಉಪ್ಪು ಗಾಳಿಗೆ ಅವಳ ಕೂದಲೆಲ್ಲ ಗಂಟು ಕಟ್ಟಿಕೊಂಡಿತ್ತು. ಕತ್ತರಿಸಿ ಹಾಕುತ್ತೇನೆ ಎಂದಳು, ಬೇಡ ಎಂದೆ. ಡೇರೆಯ ನೆರಳಿನಲ್ಲಿ ಮುಂದೆ ಕೂರಿಸಿಕೊಂಡು ಒಂದೊಂದೇ ಬಿಡಿಸುವಷ್ಟರಲ್ಲಿ ಸಂಜೆಯಾಯಿತು. ಇನ್ನೂ ಅರ್ಧ ತಲೆ ಬಾಕಿಯಿದೆ.